ಹುಡೇವಿನ ಸಕ್ರಪ್ಪನ ಯುದ್ಧ

ಮುಂಡರಗಿಯಿಂದ ಕಪ್ಪತಗುಡ್ಡದ ಕಡೆಗೆ ಹೊರಡುವ ಬಸ್ಸು ಮಡ್ಡಿಹಾಳದಲ್ಲಿ ನಿಂತಾಗ ಕಂಡಕ್ಟರ್ ಒಮ್ಮೊಮ್ಮೆ "ಯುದ್ಧದವರು ಇಳೀರಿ" ಎಂದು ಕೂಗುತ್ತಾನೆ. ಯುದ್ಧದವರು ಎಂದರೆ ನಮ್ಮೂರ ಹುಡೇವು ನೋಡಲು ಬಂದವರು. ಹುಡೇವು ಎಂದರೆ ಕಲ್ಲು, ಮಣ್ಣಿನಲ್ಲಿ ದುಂಡಗೆ ಕಟ್ಟಿದ ಹಳೆಯ ಕಾವಲು ಗೋಪುರ. ನಮ್ಮದು ಒಂದು ಬದಿ ಕುಸಿದಿದೆ. ಅಲ್ಲಿಗೆ ಬಂದವರಿಗೆ ಎರಡು ನೂರು ವರ್ಷದ ಹಿಂದಿನ ಕಾಳಗದ ಕಥೆ ಹೇಳುವವನು ಸಕ್ರಪ್ಪ. ಇಪ್ಪತ್ತೆಂಟು ವರ್ಷದಿಂದ ಅವನೇ ಹೇಳುತ್ತಿದ್ದಾನೆ.

ಅವನು ಓದಿದ್ದು ನಾಲ್ಕನೇ ಇಯತ್ತೆ. ಮೂವತ್ತು ವರ್ಷದವರೆಗೆ ಕುರಿ ಕಾದ. ಕುರಿಯ ಹಿಂದೆ ತಿರುಗುವಾಗ ಅಜ್ಜನ ಬಾಯಿಂದ ಕೇಳಿದ ಕಥೆ ಅದು. ಕುಂಪಣಿಯ ದಂಡು ಬಂತು. ಊರಿನ ಇಪ್ಪತ್ತು ಮಂದಿ ಹುಡೇವು ಹತ್ತಿದರು. ಸಕ್ರಪ್ಪನ ಮುತ್ತಜ್ಜನ ಅಜ್ಜ ಬೀರಪ್ಪ ಅವರ ಮುಂದಾಳು. ಬೆಳಗಿನಿಂದ ಸಂಜೆಯ ತನಕ ಮೇಲಿನಿಂದ ಗುಂಡು ಹಾರಿಸಿ, ಗುಂಡು ಮುಗಿದ ಮೇಲೆ ಕಲ್ಲು ಉರುಳಿಸಿ, ದಂಡನ್ನು ಒಂದು ದಿನ ತಡೆದು ನಿಲ್ಲಿಸಿದರು. ಇದನ್ನು ಸಕ್ರಪ್ಪ ಹೇಳುವಾಗ ಅವನ ಧ್ವನಿ ಏರಿ, ಇಳಿದು, ಕೊನೆಗೆ ಪಿಸುಮಾತಾಗುತ್ತದೆ. ಶಾಲೆಯ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಆಗಸ್ಟ್ ಹದಿನೈದಕ್ಕೆ ಧ್ವಜ ಏರಿದ ಮೇಲೆ ಅವನ ಭಾಷಣ ಇಲ್ಲದೆ ಪೇಢೆ ಹಂಚುವುದಿಲ್ಲ.

ಈ ಕಥೆಯ ವಿಷಯದಲ್ಲಿ ಅವನಿಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ಒಮ್ಮೆ ಹೊಸ ಮಾಸ್ತರರು ಅವನನ್ನು ಕರೆಯದೆ ತಾವೇ ಮಕ್ಕಳಿಗೆ ಕಥೆ ಹೇಳಿದರೆಂದು ಎಂಟು ದಿನ ಶಾಲೆಯ ಮುಂದಿನ ದಾರಿಯನ್ನೇ ಬಿಟ್ಟು ಸುತ್ತುಹಾಕಿ ಹೊಲಕ್ಕೆ ಹೋದ. ಶಿರಹಟ್ಟಿಯ ಕೋಟೆ ನೋಡಿಕೊಂಡು ಬಂದೆವು ಎಂದವರನ್ನು ನೀರು ಬೇಕೇ ಎಂದೂ ಕೇಳುತ್ತಿರಲಿಲ್ಲ. ಆದರೆ ಆ ಹೊಟ್ಟೆಕಿಚ್ಚು ಒಂದು ದಿನ ತನ್ನ ಹೆಂಡತಿಯ ಮೇಲೆ ತಿರುಗೀತು ಎಂದು ಅವನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಹೆಂಡತಿ ಬೀರವ್ವ ಆ ಕಥೆಯನ್ನು ಕೊನೆಯ ತನಕ ಒಮ್ಮೆಯೂ ಕೇಳಿದವಳಲ್ಲ. ಅವಳಿಗೆ ಪುರುಸೊತ್ತು ಇರಲಿಲ್ಲ. ನಲವತ್ತು ವರ್ಷದಿಂದ ಅವಳು ಕಳೆ ತೆಗೆಯುವ ಕೂಲಿಗೆ ಹೋಗುತ್ತಾಳೆ. ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲದಲ್ಲಿ, ಹೆಂಗಸರು ಅಡ್ಡ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಒಬ್ಬೊಬ್ಬರು ಎರಡೆರಡು ಸಾಲು ಹಿಡಿದು ಮುಂದೆ ಸರಿಯುತ್ತಾರೆ. ಬೀರವ್ವ ಎಡಚಿ. ಕಳೆ ಕೀಳುವ ಖುರ್ಪಿಯನ್ನು ಎಡಗೈಯಲ್ಲಿ ಹಿಡಿಯುವುದರಿಂದ ನಡುವೆ ಕೂತರೆ ಪಕ್ಕದವಳ ಕೈಗೆ ತಾಗುತ್ತದೆ. ಅದಕ್ಕೆ ಯಾವ ಹೊಲಕ್ಕೆ ಹೋದರೂ ಅವಳಿಗೆ ಎಡಗಡೆಯ ಕೊನೆಯ ಸಾಲು, ಒಡ್ಡಿಗೆ ಹತ್ತಿದ ಸಾಲು. ನಲವತ್ತು ವರ್ಷ ಅದೇ ಸಾಲುಗಳನ್ನು ಅವಳು ಗೇಣು ಗೇಣಾಗಿ ಕಂಡಿದ್ದಾಳೆ.

ಮೊನ್ನೆ ಫೆಬ್ರುವರಿಯಲ್ಲಿ, ಹಿಂಗಾರಿ ಜೋಳ ಕೊಯ್ದು ಹೊಲಗಳು ಬಯಲಾದ ಮೇಲೆ, ವಿಶ್ವವಿದ್ಯಾಲಯವೊಂದರಿಂದ ಇಬ್ಬರು ಬಂದರು. ಹಿರಿಯಳು ಮಾಯಾ, ಬೆಟಗೇರಿಯ ನೇಕಾರರ ಮಗಳು, ಹಳೆಯ ಯುದ್ಧಭೂಮಿಗಳನ್ನು ಅಗೆದು ಅಳೆದು ಓದುವ ವಿದ್ಯೆ ಕಲಿತವಳು. ಜೊತೆಗೆ ಲಕ್ಷ್ಮೇಶ್ವರದ ಕುತುಬುದ್ದೀನ. ಅವನ ಕೈಯಲ್ಲಿ ಮಣ್ಣಿನೊಳಗಿನ ಲೋಹವನ್ನು ಪತ್ತೆ ಹಚ್ಚುವ ಉದ್ದ ಕೋಲಿನ ಯಂತ್ರ. ಎಲ್ಲಿ ಯಾವ ಗುಂಡು ಬಿದ್ದಿದೆ ಎಂದು ಗುರುತಿಸಿ ನಕ್ಷೆ ಮಾಡಿದರೆ ಕಾಳಗ ಹೇಗೆ ನಡೆಯಿತೆಂದು ತಿಳಿಯುತ್ತದೆ ಎಂದು ಅವರು ಪಂಚಾಯಿತಿಯಲ್ಲಿ ಹೇಳಿದರು. ಕೆಲಸ ಮುಗಿದ ಮೇಲೆ ಆ ನಕ್ಷೆಯನ್ನು ದೊಡ್ಡ ಫಲಕದಲ್ಲಿ ಬರೆಸಿ ಊರ ಮುಂದೆ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಸಕ್ರಪ್ಪ ಅಂದು ಹೊಸ ಧೋತರ ಉಟ್ಟು ಬಂದ. ಒಂದೂವರೆ ತಾಸು ಕಥೆ ಹೇಳಿದ. ಮಾಯಾ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡಳು.

"ಬೋರ್ಡಿನ್ಯಾಗ ಬೀರಪ್ಪಜ್ಜನ ಹೆಸರ ದಪ್ಪ ಅಕ್ಷರದಾಗ ಬರೀಬೇಕ್ರಿ, ಮೇಡಂ" ಎಂದ.

"ಮಣ್ಣು ಏನ ಹೇಳತೈತಿ, ಮೊದಲ ಅದನ್ನ ನೋಡೂಣ್ರಿ, ಅಜ್ಜಾರ" ಎಂದಳು ಅವಳು.

ಐದು ದಿನ ಹುಡೇವಿನ ಸುತ್ತ ಯಂತ್ರ ಆಡಿಸಿದರು. ಹುಡೇವಿನ ಬುಡದ ಮೂರು ಎಕರೆ ಸಕ್ರಪ್ಪನದೇ, ಮಸಾರಿ ಎಂದು ನಾವು ಕರೆಯುವ ಕೆಂಪು ಮಣ್ಣು. ಯಂತ್ರ ಕುಂಯ್ ಎಂದಲ್ಲೆಲ್ಲ ಸಣ್ಣ ಕುಣಿ ತೆಗೆದರು. ಸೋಡಾ ಬಾಟಲಿಯ ಮುಚ್ಚಳ, ಟ್ರ್ಯಾಕ್ಟರಿನ ಬೋಲ್ಟು, ಎತ್ತಿನ ಲಾಳ, ಮುರಿದ ಕುಡುಗೋಲು ಸಿಕ್ಕವು. ಗುಂಡು ಒಂದೂ ಇಲ್ಲ. ಸಕ್ರಪ್ಪ ಯಂತ್ರದ ಹಿಂದೆಯೇ ನಡೆಯುತ್ತಿದ್ದ. "ಇನ್ನೊಂದ ಚೂರು ಎಡಕ ಹಿಡೀರಿ" ಎನ್ನುತ್ತಿದ್ದ.

ಆರನೆಯ ದಿನ ಮಧ್ಯಾಹ್ನ ಬೀರವ್ವ ಅವನಿಗೆ ಬುತ್ತಿ ತಂದಳು. ಮಾದರಿಗೆಂದು ಕುತುಬುದ್ದೀನನ ಪೆಟ್ಟಿಗೆಯಲ್ಲಿ ಬೇರೆ ಊರಿನ ಒಂದು ಸೀಸದ ಗುಂಡು ಇತ್ತು. ಗೋಲಿಯಷ್ಟು ದಪ್ಪ, ಮೇಲೆ ಬಿಳಿ ಪದರ. ಬೀರವ್ವ ಬಗ್ಗಿ ನೋಡಿದಳು.

"ಅಯ್ಯ, ಇದನ್ನ ಹುಡುಕಾಕತ್ತೀರೇನ? ಇವು ಹಳ್ಳದ ದಂಡಿ ಎರಿ ಹೊಲದಾಗ ಸಿಗತಾವಲ್ಲ. ನನ್ನ ಕಡೆ ಒಂದ ಡಬ್ಬಿ ಅದಾವ."

ಮಾಯಾ ಎದ್ದು ನಿಂತಳು. "ಎಲ್ಲಿ ಸಿಕ್ಕಿದ್ದು ನೆನಪೈತೇನ, ಅಮ್ಮಾರ?"

"ಕಳೆ ತಗಿಯೂವಾಗ ಸಿಕ್ಕಾವ. ಹೊಲಕ ಹೋದ್ರ ನೆನಪಾಕ್ಕಾವ, ಮನಿಯಾಗ ಕುಂತು ಕೇಳಿದ್ರ ಆಗಂಗಿಲ್ಲ."

ಸಕ್ರಪ್ಪನ ಬಾಯಲ್ಲಿ ರೊಟ್ಟಿಯ ತುತ್ತು ಹಾಗೇ ಉಳಿಯಿತು. "ಇಷ್ಟ ವರ್ಷ ಯಾಕ ಹೇಳಲಿಲ್ಲ ಲೇ ನೀ?"

"ನೀವು ಎಂದ ಕೇಳಿದ್ರಿ?" ಎಂದಳು ಬೀರವ್ವ, ಬುತ್ತಿಯ ಅರಿವೆ ಮಡಚುತ್ತ.

ಅಂದು ಸಂಜೆಯೇ ಮಾಯಾ ಅವಳನ್ನು ಕರೆದುಕೊಂಡು ಎರಿ ಹೊಲಕ್ಕೆ ಇಳಿದಳು. ಅದು ಹುಡೇವಿನಿಂದ ಮುಕ್ಕಾಲು ಮೈಲಿ ದೂರ, ಹುಚ್ಚೀರಪ್ಪ ಸಾವಕಾರನ ಹೊಲ. ಬೀರವ್ವ ಮೊದಲು ಒಡ್ಡಿನ ಮೇಲೆ ನಿಂತು ಸುತ್ತ ನೋಡಿದಳು. ಆಮೇಲೆ ಕುಕ್ಕರುಗಾಲಲ್ಲಿ ಕೂತಳು. ಕೂತ ಮೇಲೆಯೇ ಅವಳಿಗೆ ನೆನಪು ಬಂತು. "ಇಲ್ಲಿ ಎರಡು. ಬಾಜೂ ಸಾಲಿನ ಶಿವಲಕ್ಷ್ಮಿ ಬಸರಿ ಇದ್ದಾಗ. ಅಲ್ಲಿ ಜಾಲಿ ಗಿಡದ ನೆಳ್ಳಿನ ತುದಿಗೆ ಚಪ್ಪಟಿ ಆದದ್ದೊಂದು." ಕುತುಬುದ್ದೀನ ಅವಳು ತೋರಿಸಿದಲ್ಲಿ ಯಂತ್ರ ಹಿಡಿದ. ಅವಳು ಆರಿಸದೆ ಬಿಟ್ಟ ಗುಂಡುಗಳು ಮಣ್ಣಿನಲ್ಲಿ ಇನ್ನೂ ಇದ್ದವು. ಯಂತ್ರ ಕೂಗಿತು, ನಾಲ್ಕು ಹೆಜ್ಜೆಗೆ ಮತ್ತೆ ಕೂಗಿತು. ಮೂರು ದಿನದಲ್ಲಿ ಹೊಲದ ತುಂಬ ಕೆಂಪು, ಹಳದಿ ಬಣ್ಣದ ಸಣ್ಣ ಬಾವುಟಗಳು ನಿಂತವು.

ಆ ಮೂರು ದಿನ ಸಕ್ರಪ್ಪ ನೀರಿನ ಕೊಡ ಹೊತ್ತುಕೊಂಡು ಅವರ ಹಿಂದೆ ತಿರುಗಿದ. ಬೀರವ್ವನಿಗೆ ಕುರ್ಚಿ ಹಾಕಿದರು. ಅವಳು ಬೇಡವೆಂದು ನೆಲದ ಮೇಲೆಯೇ ಕೂತಳು, ಆದರೂ ಹಾಕಿದ್ದು ಅವಳಿಗೆ. ಚಹಾ ಮೊದಲು ಅವಳಿಗೆ ಕೊಟ್ಟರು. ಗದಗಿನ ಪತ್ರಿಕೆಯವನು ಬಂದು ಅವಳ ಎಡಗೈಯ ಫೋಟೊ ತೆಗೆದ, ಕೈಯದಷ್ಟೇ, ಖುರ್ಪಿ ಹಿಡಿಸಿ. "ಅಜ್ಜಾರ, ಚೂರು ಬಾಜೂ ಸರೀರಿ, ನೆಳ್ಳು ಬೀಳಾಕತ್ತೈತಿ" ಎಂದ. ಸಕ್ರಪ್ಪ ಸರಿದು ನಿಂತ. ಅವನ ಎದೆಯಲ್ಲಿ ಹಸಿ ಮೆಣಸಿನಕಾಯಿ ತಿಂದಂತೆ ಉರಿಯುತ್ತಿತ್ತು. ನಾಲ್ಕು ಜನರ ಮುಂದೆ ಮಾತಾಡಲು ಬಾರದವಳು, ಕುಂಪಣಿ ಎಂದರೆ ಏನೆಂದು ಅರಿಯದವಳು, ಕಳೆ ಕಿತ್ತದ್ದಷ್ಟೇ ಅವಳ ಸಾಧನೆ ಎಂದು ಅವನು ಒಳಗೊಳಗೇ ಲೆಕ್ಕ ಹಾಕುತ್ತಿದ್ದ.

ಹುಚ್ಚೀರಪ್ಪ ಒಡ್ಡಿನ ಮೇಲೆ ಕೊಡೆ ಹಿಡಿದು ನಿಂತವನು ಬಿಡಲಿಲ್ಲ. "ಏನ್ಲೇ ಸಕ್ರಪ್ಪ, ಯುದ್ಧ ನಿನ್ನ ಹುಡೇವು ಇಳಿದು ನನ್ನ ಹೊಲಕ ಬಂತಲ್ಲೋ?"

"ನಿಮ್ಮ ಹೊಲಕ ಏನ ಬಂದ್ರೂ ನೀವು ಬಿಡವರಲ್ಲ ಬಿಡ್ರಿ, ಸಾವಕಾರ್ರ."

"ನಾ ಅಲ್ಲಪಾ ಹಿಡದದ್ದು, ನಿನ್ನ ಹೇಂತಿ. ಇನ್ನ ಮ್ಯಾಲೆ ಭಾಷಣ ಆಕಿ ಮಾಡ್ಲಿ, ನೀ ರೊಟ್ಟಿ ಬಡಿ."

ಎಲ್ಲರೂ ನಕ್ಕರು. ಬೀರವ್ವನೂ ನಕ್ಕಳು. ಅದೊಂದು ನಗು ಸಕ್ರಪ್ಪನಿಗೆ ಬಹಳ ನಾಟಿತು.

ಮೂರನೆಯ ದಿನ ಸಂಜೆ ಮಾಯಾ ತನ್ನ ನಕ್ಷೆಯನ್ನು ಅವರಿಬ್ಬರಿಗೆ ತೋರಿಸಿದಳು. ಎರಡು ಬಗೆಯ ಗುಂಡುಗಳಿವೆ ಎಂದಳು. ಒಂದೇ ಅಳತೆ, ಒಂದೇ ತೂಕದವು ಕುಂಪಣಿಯವರದು. ಅಂಕುಡೊಂಕು, ಅಂಚಿನಲ್ಲಿ ಅಚ್ಚಿನ ಗೆರೆ ಉಳಿದವು ಊರವರು ತಾವೇ ಎರೆದುಕೊಂಡದ್ದು. ಚಪ್ಪಟೆಯಾದದ್ದು ಹಾರಿ ಹೋಗಿ ಯಾವುದಕ್ಕೋ ಬಡಿದದ್ದು. ದುಂಡಗೆ ಉಳಿದದ್ದು ಬಹುಮಟ್ಟಿಗೆ ಹಾರದೆ ಕೈಯಿಂದ ಬಿದ್ದದ್ದು. ಊರವರ ದುಂಡು ಗುಂಡುಗಳೆಲ್ಲ ಹಳ್ಳದ ಒಡ್ಡಿನ ಉದ್ದಕ್ಕೂ ಇವೆ. ಅಂದರೆ ಊರವರು ಹುಡೇವಿನ ಮೇಲಿರಲಿಲ್ಲ. ಹಳ್ಳದಲ್ಲಿ ಅಡಗಿ ಕೂತು ದಂಡು ದಾಟುವುದನ್ನು ಕಾದಿದ್ದರು.

"ಹಂಗಾದ್ರ ಹುಡೇವು?" ಎಂದ ಸಕ್ರಪ್ಪ.

"ಹುಡೇವಿನ ಕಡೆ ಒಂದ ಗುಂಡೂ ಸಿಕ್ಕಿಲ್ಲ, ಅಜ್ಜಾರ. ಸಿಕ್ಕಿದ್ರ ಬರೀತಿದ್ದೆ. ಐತವಾರ ಪಂಚಾಯಿತಿಯೊಳಗ ಎಲ್ಲಾರಿಗೂ ಇದನ್ನ ಹೇಳಿ ಫಲಕಕ ಕಳಸ್ತೀನಿ. ಅಮ್ಮಾರ, ನಿಮ್ಮ ಡಬ್ಬಿ ನಾಳೆ ತರ್ರಿ, ಅವನ್ನೂ ಅಳೀಬೇಕು."

ಸಕ್ರಪ್ಪನಿಗೆ ಕೇಳಿಸಿದ್ದು ಒಂದೇ. ಫಲಕದಲ್ಲಿ ಹುಡೇವು ಇರುವುದಿಲ್ಲ. ಬೀರಪ್ಪಜ್ಜ ಹುಡೇವು ಬಿಟ್ಟು ಓಡಿದ ಎಂದು ಜನ ಹೇಳುವರು. ಇಪ್ಪತ್ತೆಂಟು ವರ್ಷ ಸುಳ್ಳು ಹೇಳಿದವನು ತಾನು, ನಿಜ ಕಂಡವಳು ಬೀರವ್ವ.

ಮರುದಿನ ಬೆಳಿಗ್ಗೆ ಬೀರವ್ವ ನೀರಿಗೆ ಹೋದಾಗ ಅವನು ಗೋಡೆಯ ಗೂಡಿನಿಂದ ಡಬ್ಬಿ ತೆಗೆದ. ಅವಳು ಆ ಗುಂಡುಗಳನ್ನು ಎಂದೂ ತೊಳೆದಿರಲಿಲ್ಲ, ಬಿಳಿ ಪದರ ಕೈಗೆ ಹತ್ತುತ್ತದೆಂದು ಹಾಗೇ ಇಟ್ಟಿದ್ದಳು. ಒಂಬತ್ತನ್ನು ಆರಿಸಿ ಧೋತರದ ಗಂಟಿಗೆ ಕಟ್ಟಿಕೊಂಡ. ಎಲ್ಲರೂ ಎರಿ ಹೊಲದಲ್ಲಿ ಊಟಕ್ಕೆ ಕೂತ ಹೊತ್ತಿಗೆ ಹುಡೇವಿನ ಪಡುವಲಿಗೆ ಹೋಗಿ, ಕುಡುಗೋಲಿನ ತುದಿಯಿಂದ ಗೇಣು ಗೇಣು ಕುಣಿ ಮಾಡಿ, ಒಂದೊಂದರಲ್ಲಿ ಒಂದೊಂದು ಹಾಕಿ, ಮಣ್ಣು ಮುಚ್ಚಿ, ಮೇಲೆ ಒಣ ಹುಲ್ಲು ಎಳೆದ. 

ಆಮೇಲೆ ಕುತುಬುದ್ದೀನನ ಬಳಿ ಹೋಗಿ ಗೋಗರೆದ. "ಒಂದ ಸಲ, ತಮ್ಮಾ. ಪಡುವಲ ಕಡೆ. ಮುದುಕನ ಸಮಾಧಾನಕ."

ಯಂತ್ರ ಕೂಗಿತು. ಮತ್ತೆ ಕೂಗಿತು. ಕುತುಬುದ್ದೀನ ಮೊದಲ ಗುಂಡನ್ನು ಎತ್ತಿ ಹಿಡಿದು, "ಅಜ್ಜಾ, ಗೆದ್ದಬಿಟ್ರಿ ನೀವು!" ಎಂದು ಕುಣಿದ. ನಾಲ್ಕನೆಯದಕ್ಕೆ ಅವನ ಮುಖ ಇಳಿಯಿತು. ಒಂಬತ್ತನೆಯದು ಸಿಗುವ ಹೊತ್ತಿಗೆ ಮಾಯಾ ಬಂದಳು, ಅವಳ ಹಿಂದೆ ಬೀರವ್ವ.

"ನನ್ನ ತಪ್ಪು, ಮೇಡಂ" ಎಂದ ಕುತುಬುದ್ದೀನ. "ಎರಡನೇ ದಿನ ಇದ ಜಾಗಾದಾಗ ಓಡಾಡೀನಿ. ಹಾಳಿಯೊಳಗ ಬರದೀನಿ, ಏನೂ ಇಲ್ಲ ಅಂತ. ಒಂಬತ್ತ ಹೆಂಗ ಬಿಟ್ಟೆನೋ. ಹಂಗಂದ್ರ ಉಳದದ್ದೂ ನಂಬಾಕ ಬರಂಗಿಲ್ಲ. ಹುಡೇವು, ಹಳ್ಳ, ಎಲ್ಲಾ ಮತ್ತ ಮಾಡಬೇಕು."

ಸಕ್ರಪ್ಪ ಇದನ್ನು ಎಣಿಸಿರಲಿಲ್ಲ. ತಾನು ಒಂಬತ್ತು ಗುಂಡು ಸೇರಿಸಿದೆ, ಯಾರದೂ ಏನೂ ಕಳೆಯಲಿಲ್ಲ ಎಂದುಕೊಂಡಿದ್ದ. ಆ ಹುಡುಗ ತನ್ನ ಹತ್ತು ದಿನದ ಕೆಲಸದ ಹಾಳೆಗಳನ್ನು ತಿರುವುತ್ತ, ತನ್ನ ಕಿವಿಯನ್ನೇ ಬೈದುಕೊಳ್ಳುತ್ತಿದ್ದ.

ಬೀರವ್ವ ಒಂದು ಗುಂಡನ್ನು ಅಂಗೈಯಲ್ಲಿ ಹಿಡಿದಳು. ಅದರ ತಗ್ಗಿನೊಳಗೆ ಕಪ್ಪು ಮಣ್ಣು ಕಲ್ಲಿನಂತೆ ಒಣಗಿ ಕೂತಿತ್ತು. ಅವಳು ಕಾಲಡಿಯ ಕೆಂಪು ನೆಲ ನೋಡಿದಳು, ಗುಂಡು ನೋಡಿದಳು, ಗಂಡನನ್ನು ನೋಡಿದಳು. ಒಕ್ಕಲುತನ ಮಾಡುವ ಯಾರಿಗೂ ಅಷ್ಟು ಸಾಕು.

"ಅಮ್ಮಾರ, ನಿಮಗೇನ ಅನಸ್ತೈತಿ?" ಎಂದು ಮಾಯಾ ಮೆಲ್ಲಗೆ ಕೇಳಿದಳು. ಅವಳೂ ಆ ಮಣ್ಣನ್ನು ಕಂಡಿದ್ದಳು.

"ನನ್ನ ಯಾಕ ಕೇಳ್ತಿ, ತಂಗಿ? ಮಸಾರಿ ಹೊಲ ಇವರದು. ಎರಿ ಮಣ್ಣು ಇಲ್ಲಿಗೆ ಹೆಂಗ ಬಂತಂತ ಇವರ ಹೇಳ್ತಾರ."

ಸಕ್ರಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಹುಡುಗಂದೇನೂ ತಪ್ಪಿಲ್ರಿ" ಎಂದ. "ನಾನ ಹುಗದೀನಿ. ಊಟದ ಹೊತ್ತಿನ್ಯಾಗ."

ಕುತುಬುದ್ದೀನ ಯಂತ್ರವನ್ನು ನೆಲಕ್ಕಿಟ್ಟ. "ಅಲ್ಲ ಅಜ್ಜಾ, ಯಾಕ?"

"ಯಾಕಂದ್ರ..." ಸಕ್ರಪ್ಪ ಬೀರವ್ವನ ಕಡೆ ಕೈ ಮಾಡಿದ. "ಇಕಿ ಒಂದಿನಾನೂ ನನ್ನ ಕತಿ ಕೇಳಿಲ್ರಿ. ಒಂದಿನಾನೂ. ಈಗ ಕತಿ ಇಕಿದ ಆತು."

"ನನಗ್ಯಾತಕ್ಕ ಬೇಕ್ರಿ ನಿಮ್ಮ ಕತಿ?" ಬೀರವ್ವನ ಧ್ವನಿ ಏರಿತು. "ನಾ ಕತಿ ಹೇಳಿಲ್ಲ, ಗುಂಡು ಸಿಕ್ಕದ್ದು ಹೇಳೀನಿ. ಕೇಳಿದ್ರ ನಿಮಗ ಮೊದಲ ಹೇಳತಿದ್ದೆ. ನೀವು ಬರೇ ಹೇಳವರು, ಕೇಳವರಲ್ಲ."

ಮಾಯಾ ಬೈಯಲಿಲ್ಲ. ಅದು ಸಕ್ರಪ್ಪನಿಗೆ ಇನ್ನೂ ಕಷ್ಟವಾಯಿತು. ಅವಳು ಒಂಬತ್ತು ಗುಂಡುಗಳನ್ನು ಒಂದು ಬಟ್ಟೆಯ ಮೇಲೆ ಹರವಿ ಹೇಳಿದಳು: ಜಾಗ ಗೊತ್ತಿದ್ದರೆ ಗುಂಡು ಸಾಕ್ಷಿ, ಜಾಗ ತಪ್ಪಿದರೆ ಬರೀ ಸೀಸ. ಡಬ್ಬಿಯಲ್ಲಿದ್ದಾಗಲೂ ಇವುಗಳ ಜಾಗ ಬೀರವ್ವನ ನೆನಪಿನಲ್ಲಿ ಮಾತ್ರ ಇತ್ತು. ಬೀರವ್ವ ಸೆರಗು ಸಿಕ್ಕಿಸಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿದಳು. ಮೂಗು ಮುರಿದಂತಿದ್ದದ್ದು ಜಾಲಿ ಗಿಡದ ಬಳಿಯದು. ಸೀಳು ಬಿಟ್ಟದ್ದು ಬಂಡಿ ದಾರಿಯದು. ಹೀಗೆ ಏಳನ್ನು ಹೇಳಿದಳು. ಎರಡು ನೆನಪಾಗಲಿಲ್ಲ. ಎಷ್ಟು ಹೊತ್ತು ನೋಡಿದರೂ ಆಗಲಿಲ್ಲ. ಅವೆರಡರ ಚೀಟಿಯ ಮೇಲೆ ಮಾಯಾ "ಸ್ಥಳ ತಿಳಿಯದು" ಎಂದು ಬರೆದಳು.

ಭಾನುವಾರ ಪಂಚಾಯಿತಿಯ ಮುಂದೆ ಜನ ಸೇರಿದರು. ಸಕ್ರಪ್ಪ ಬರುವುದಿಲ್ಲವೆಂದುಕೊಂಡಿದ್ದೆವು. ಬಂದು ಕೊನೆಯಲ್ಲಿ ನಿಂತ. ಹುಡೇವಿನ ಬಳಿ ಗುಂಡು ಹುಗಿದ ವಿಷಯವನ್ನು ಮಾಯಾ ಎತ್ತಲಿಲ್ಲ, ಆದರೆ ಹುಚ್ಚೀರಪ್ಪನಿಗೆ ಅದು ಹೇಗೋ ಮುಟ್ಟಿತ್ತು. "ಒಟ್ಟಿನ್ಯಾಗ ಸಕ್ರಪ್ಪನ ಹಿರ್ಯಾರು ಹುಡೇವು ಬಿಟ್ಟು ಓಡಿದ್ರು ಅನ್ರಿ" ಎಂದು ನಡುವೆ ಕೂಗಿದ.

"ಹಂಗ ಅನ್ನಾಕ ಬರಂಗಿಲ್ರಿ, ಸಾವಕಾರ್ರ" ಎಂದಳು ಮಾಯಾ. ಒಡ್ಡಿನ ಒಂದೇ ಕಡೆ, ಎರಡು ಮಾರಿನೊಳಗೆ, ಊರವರ ಹನ್ನೊಂದು ಗುಂಡುಗಳು ಹಾರದೆ ಬಿದ್ದಿವೆ. ಚೀಲ ಹರಿದು ಬಿದ್ದಿರಲೂಬಹುದು, ಅದನ್ನು ಅಲ್ಲಗಳೆಯಲಾಗದು. ಆದರೆ ಅದೇ ಜಾಗದ ಸುತ್ತ ಕುಂಪಣಿಯ ಗುಂಡು ಹದಿನಾಲ್ಕು ಬಡಿದು ಚಪ್ಪಟೆಯಾಗಿವೆ. ಓಡುವವನ ಗುಂಡುಗಳು ದಾರಿಯುದ್ದಕ್ಕೂ ಬೀಳುತ್ತವೆ. ಇಲ್ಲಿ ಒಬ್ಬನೋ ಇಬ್ಬರೋ ನಿಂತಲ್ಲೇ ನಿಂತು, ಅವಸರದಲ್ಲಿ ಗುಂಡು ಕೈಜಾರುತ್ತಿದ್ದರೂ ಮತ್ತೆ ಮತ್ತೆ ಬಂದೂಕು ತುಂಬಿದ್ದಾರೆ. ಅವರ ಹೆಸರು ಮಣ್ಣಿಗೆ ಗೊತ್ತಿಲ್ಲ. ಆದ್ದರಿಂದ ಫಲಕದಲ್ಲಿ ಹೆಸರು ಬರೆಯುವುದಿಲ್ಲ.

ಈಗ ಬಸ್ಸಿನಿಂದ ಇಳಿದವರು ಎರಿ ಹೊಲಕ್ಕೆ ಹೋಗುತ್ತಾರೆ. ಬೀರವ್ವ ಕೆಲಸ ಬಿಟ್ಟು ಎದ್ದು ಬಂದು ತೋರಿಸುತ್ತಾಳೆ. ಅವಳ ವಿವರಣೆ ನಾಲ್ಕು ಮಾತು: ಇಲ್ಲಿ ಸಿಕ್ಕವು, ಅಲ್ಲಿ ಸಿಕ್ಕವು, ಅವರು ಆ ಕಡೆಯಿಂದ ಬಂದರು, ನಮ್ಮವರು ಇಲ್ಲಿದ್ದರು. ಜನ ಅವಳ ಕೈ ಹೋದತ್ತ ತಿರುಗಿ ನೋಡುತ್ತಾರೆ. ಸಕ್ರಪ್ಪ ದೂರದಲ್ಲಿ ನಿಂತು ಕೇಳುತ್ತಾನೆ. ಇಂಥ ಕಡೆ ಧ್ವನಿ ಇಳಿಸಬೇಕಿತ್ತು, ಇಂಥ ಕಡೆ ತಡೆದು ನಿಲ್ಲಬೇಕಿತ್ತು ಎಂದು ಅವನ ತುಟಿ ಆಡುತ್ತದೆ. ಅವನ ಉರಿ ಆರಿಲ್ಲ. ಅದನ್ನು ಅವನೇ ಒಪ್ಪುತ್ತಾನೆ. "ಇನ್ನ ಐತಿ ನೋಡ್ರಿ, ಇಲ್ಲೇ" ಎಂದು ಎದೆ ಮುಟ್ಟಿ ತೋರಿಸುತ್ತಾನೆ.

ಮೊನ್ನೆ ಬಂದವರೆಲ್ಲ ಹೋದ ಮೇಲೆ ಅವನು ಒಡ್ಡು ಇಳಿದು ಬಂದ. ಬೀರವ್ವ ಮತ್ತೆ ತನ್ನ ಸಾಲಿನಲ್ಲಿ ಕೂತಿದ್ದಳು.

"ಆ ಹನ್ನೊಂದು ಬಿದ್ದಿದ್ದು ಎಲ್ಲಿ?" ಎಂದು ಕೇಳಿದ. ಇಷ್ಟು ವರ್ಷದಲ್ಲಿ ಅವಳನ್ನು ಅವನು ಆ ಕಾಳಗದ ಬಗ್ಗೆ ಕೇಳಿದ್ದು ಅದೇ ಮೊದಲು.

ಬೀರವ್ವ ಖುರ್ಪಿಯಿಂದಲೇ ತೋರಿಸಿದಳು. ಅವನು ಹೋಗಿ ನಿಂತ, ಹಳ್ಳದ ಕಡೆ ಬೆನ್ನು, ದಂಡು ಬಂದ ಕಡೆ ಮುಖ ಮಾಡಿ.

"ಅಲ್ಲಲ್ರಿ. ಇನ್ನ ಎರಡ ಹೆಜ್ಜಿ ಹಿಂದ."

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹಾಂ, ಅಲ್ಲೇ" ಎಂದಳು ಅವಳು.